ನಾನು ಮುಟ್ಟದೆ ಬಿಟ್ಟ ಪಾಟ್

ಕಳೆದ ಬೇಸಿಗೆಯಲ್ಲಿ ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ಬಸ್ಸಿಗೆ ಒಂದು ಹುಡುಗಿ ಹತ್ತಿದಳು. ಬಗಲಲ್ಲಿ ಮಡಚಿದ ಗೋಣಿಚೀಲ ಇತ್ತು. ಸೀಟು ಖಾಲಿ ಇದ್ದರೂ ಕೂಡಲಿಲ್ಲ. ಗಾಳಿ ಬೀಸುವ ಕಡೆ, ಬಾಗಿಲ ಹತ್ತಿರ ಕಂಬ ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ವಾಸನೆ ಎದ್ದಿತು. ಮುಂದಿನ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದಳು. "ಯಾರ ಕೂಸು ಉಚ್ಚಿ ಹೊಯ್ದೇತ್ರೋ, ಕೆಳಗ ಇಳಿಸ್ರಿ!" ಎಂದು ಕಂಡಕ್ಟರ್ ಕೂಗಿದ. ಬಸ್ಸಿನಲ್ಲಿ ಕೂಸೇ ಇರಲಿಲ್ಲ. ಜನ ನಕ್ಕರು. ಹುಡುಗಿ ಹೊರಗೆ ಕಬ್ಬಿನ ಹೊಲ ನೋಡುತ್ತಿದ್ದಳು.

ಆಗ ನಾನು ನನ್ನ ಕೈ ನೋಡಿಕೊಂಡೆ. ಅದು ನನ್ನನ್ನು ಕೇಳದೆಯೇ ಸೆರಗನ್ನು ಮೂಗಿನ ತನಕ ಎತ್ತಿತ್ತು.

ಇಷ್ಟೆಲ್ಲ ಆದ ಮೇಲೂ ಎತ್ತಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆ ಬಂತು.

ಆ ಹುಡುಗಿ ಇಳಿದಲ್ಲಿ ನಾನೂ ಇಳಿದು, ಅವಳಿಗೆ ಹೇಳಬೇಕಾದ್ದನ್ನು ಹೇಳಿದೆ. ತವರಿಗೆ ಹೋದಾಗ ತಂಗಿ ಕಸ್ತೂರಿಯ ಮುಂದೆ ಈ ಮಾತು ತೆಗೆದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಒಬ್ಬಾಕಿಗೆ ಹೇಳಿದ್ರ ಏನಾತು? ಬರದ ಹಾಕು. ನಂದು ಬರದಂಗ ನಿಂದೂ ಬರೀಬೇಕ ಮತ್ತ," ಅಂದಳು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಒತ್ತಕ್ಷರಗಳನ್ನು ಮಗಳು ತಿದ್ದಿದ್ದಾಳೆ. ಉಳಿದದ್ದನ್ನು ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಮ್ಮ ತವರು ಭೋಜದ ಹತ್ತಿರ. ಅಪ್ಪನಿಗೆ ಸ್ವಲ್ಪ ತಂಬಾಕಿನ ಹೊಲ, ಎರಡು ಎಮ್ಮೆ ಇದ್ದವು. ನನ್ನನ್ನು ಕಾಗವಾಡದ ಕಡೆ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟರು. ನನಗಿಂತ ಆರು ವರ್ಷ ಸಣ್ಣವಳಾದ ಕಸ್ತೂರಿಯನ್ನು ಕುಡಚಿಯ ಹತ್ತಿರ ಕೊಟ್ಟರು. ಚೊಚ್ಚಲ ಬಾಣಂತನ ತವರಿನಲ್ಲಿ. ಹಾಗಾಗಿ ಬಸುರಿ ಕಸ್ತೂರಿ ಭೋಜಕ್ಕೆ ಬಂದಿದ್ದಳು. ಎಂಬತ್ತರ ದಶಕದ ನಡುವಿನ ಮಾತಿದು.

ಹೆರಿಗೆಯ ಬ್ಯಾನಿ ಶುರುವಾದದ್ದು ನವರಾತ್ರಿಯಲ್ಲಿ. ನನ್ನ ಗಂಡನ ಮನೆಯಲ್ಲಿ ನವರಾತ್ರಿಗೆ ಘಟ ಕೂಡಿಸುತ್ತಾರೆ. ಮಣ್ಣಿನಲ್ಲಿ ಕಾಳು ಬಿತ್ತಿ, ನಡುವೆ ಗಡಿಗೆ ಇಟ್ಟು, ಆರದ ದೀಪ ಹಚ್ಚುತ್ತಾರೆ. ಘಟ ಹಿಡಿದ ಹೆಂಗಸು ಹಬ್ಬ ಮುಗಿಯುವ ತನಕ ಉಪವಾಸ ಇರಬೇಕು, ಬರಿಗಾಲಲ್ಲಿ ನಡೆಯಬೇಕು, ಹೊಲಸು ಮುಟ್ಟಬಾರದು. ಆ ವರ್ಷ ಹಿಡಿದವಳು ನಾನು. ತವರಿನಿಂದ ಮಂದಿ ಬಂದು "ಕಸ್ತೂರಿಗೆ ಬ್ಯಾನಿ ಹತ್ಯಾವು" ಅಂದಾಗ ದೀಪವನ್ನು ಅತ್ತೆಗೆ ಒಪ್ಪಿಸಿ, ಮೂರು ವರ್ಷದ ಮಗಳು ಸುನಂದಾಳನ್ನೂ ಅವಳ ಹತ್ತಿರ ಬಿಟ್ಟು ಬರಿಗಾಲಲ್ಲೇ ಬಸ್ ಹತ್ತಿದೆ. ಹೊರಡುವಾಗ ಅತ್ತೆ, "ಕೂಸು ಬಿದ್ದ ಮ್ಯಾಲ ಮೈಲಿಗಿ ಹೆಂಗೂ ಐತಿ. ಅಲ್ಲೀತನಕಾ ಸಂಭಾಳಿಸ್ಕೊ," ಅಂದಳು. ಈ ಮಾತನ್ನು ನಾನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದೆ. ಮುಂದೆ ಅದು ನನಗೆ ಬಹಳ ಉಪಯೋಗಕ್ಕೆ ಬಂತು.

ಕಸ್ತೂರಿಯನ್ನು ಒಂದು ಪೇಟೆಯ ದವಾಖಾನೆಗೆ ತಂದಿದ್ದರು. ಯಾವುದು ಎಂದು ಬರೆಯುವುದಿಲ್ಲ. ಹೆರಿಗೆ ಕೋಣೆಗೆ ಒಬ್ಬರನ್ನೇ ಬಿಡುತ್ತಿದ್ದರು. ರಕ್ತ ಕಂಡರೆ ನಮ್ಮವ್ವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಅವಳು ಹೊರಗೆ ಕಟ್ಟೆಯ ಮೇಲೆ ಕೂತಳು, ನಾನು ಒಳಗೆ ಹೋದೆ.

ಆ ಕೋಣೆಯ ವಾಸನೆ ಇವತ್ತಿಗೂ ಬಾಯಿಗೆ ಬರುತ್ತದೆ. ಫಿನಾಯಿಲ್, ರಕ್ತ, ವಾಂತಿ, ಹಳೆಯ ರಬ್ಬರ್ ಹಾಸು. ಸಾಲು ಮಂಚಗಳಲ್ಲಿ ಹೆಂಗಸರು ಮಂಡಿ ಮಡಚಿ ಮಲಗಿದ್ದರು. ಕಿಟಕಿಯ ಹೊರಗೆ ನಾಯಿಗಳು ಏನನ್ನೋ ಎಳೆದಾಡುತ್ತಿದ್ದವು. ಏನೆಂದು ನಾನು ನೋಡಲಿಲ್ಲ. ಕಸ್ತೂರಿಯ ಮಂಚದ ಕೆಳಗೆ ಒಂದು ಪಾಟ್ ಇತ್ತು. ಮಲಗಿದಲ್ಲೇ ಮೂತ್ರ ಮಾಡಿಸುವ ಪಾತ್ರೆಗೆ ಎಲ್ಲರೂ ಪಾಟ್ ಅನ್ನುತ್ತಿದ್ದರು. ಅಂಚು ಕರ್ರಗೆ ಗಟ್ಟಿಯಾಗಿತ್ತು. ಒಳಗೆ ಇನ್ಯಾರದೋ ಇನ್ನೂ ಹಾಗೇ ಇತ್ತು, ಅದರಲ್ಲಿ ಒಂದು ಹತ್ತಿಯ ಉಂಡೆ ತೇಲುತ್ತಿತ್ತು. ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

ಅಷ್ಟೂ ಮಂದಿಗೆ ಒಬ್ಬಳೇ ನರ್ಸಬಾಯಿ. ಎದೆಗೆ ಗಡಿಯಾರ ಚುಚ್ಚಿಕೊಂಡಿದ್ದಳು. ಹೊಟ್ಟೆಯ ಮೇಲೆ ಅಂಗೈ ಇಟ್ಟು, ಗಡಿಯಾರ ನೋಡುತ್ತ ಬ್ಯಾನಿ ಎಣಿಸುವಳು. ಕಟ್ಟಿಗೆಯ ಸಣ್ಣ ಕೊಳವೆಯನ್ನು ಹೊಟ್ಟೆಗೆ ಹಚ್ಚಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕೂಸಿನ ಎದೆಬಡಿತ ಕೇಳುವಳು. ಬಾಯಿ ಮಾತ್ರ ಗಟಾರ. ಪಕ್ಕದ ಮಂಚದವಳು ಕಿರುಚಿದರೆ ತೊಡೆಗೆ ಫಟ್ ಅಂತ ಹೊಡೆದು, "ಗಂಡನ ಮಗ್ಗಲದಾಗ ಮಲಗುಮುಂದ ಒದರಿದ್ಯೇನಬೇ?" ಅಂದಳು. ಆ ಹುಡುಗಿ ಸೆರಗು ಕಚ್ಚಿಕೊಂಡು ಅತ್ತಳು. ನಾನು ಆ ನರ್ಸಬಾಯಿಯನ್ನು ಬಹಳ ವರ್ಷ ದ್ವೇಷಿಸಿದೆ, ಊರ ತುಂಬ ಬೈದೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಅವಳು ಕೇಳಿದ್ದಳು.

ಕಸ್ತೂರಿ ನನ್ನ ಕೈ ಹಿಡಿದು ಹೇಳಿದ್ದಳು: "ಅಕ್ಕಾ, ಒಂದಕ್ಕ ಬಂದೈತಿ."

"ತಡಿ, ಹಡದ ಮ್ಯಾಲ ಹೋಗೂವಂತಿ."

"ತಡ್ಕೊಳ್ಳಾಕ ಆಗವಲ್ತು ಯಕ್ಕಾ. ಕೆಳಗ ಒತ್ತಾಕತ್ತೈತಿ."

"ಹುಚ್ಚಿ, ಅದು ಕೂಸಿನ ಒತ್ತು. ನಾನೂ ಹಡದಾಕಿ, ನನಗ ಗೊತ್ತಿಲ್ಲೇನ?"

ಅವಳು ನಂಬಿದಳು. ಸಣ್ಣಂದಿನಿಂದ ನಾನು ಹೇಳಿದ್ದನ್ನೆಲ್ಲ ನಂಬಿದವಳೇ. ಸ್ವಲ್ಪ ಹೊತ್ತಿಗೆ ಬ್ಯಾನಿ ಏರಿ ಕೇಳುವುದನ್ನೂ ಬಿಟ್ಟಳು.

ನರ್ಸಬಾಯಿ ಬಂದು ಹೊಟ್ಟೆ ಮುಟ್ಟಿದಳು. ಹೊಕ್ಕಳ ಕೆಳಗೆ ಬೆರಳೊತ್ತಿ ನಿಂತಳು. "ಇದ್ಯಾಕ ಇಲ್ಲಿ ಹಿಂಗ ಉಬ್ಬೇತಿ? ಒಂದಕ್ಕ ಹೋಗ್ಯಾಳೇನು?"

"ಈಗಷ್ಟ ಹೋಗ್ಯಾಳ್ರಿ," ಎಂದೆ ನಾನು.

"ಪಾಟ್ ಕೊಟ್ಟಿದ್ದಿ?"

"ಹೌದ್ರಿ."

"ಹೋಗಿದ್ರ ಮತ್ತ—" ಎಂದು ಅವಳು ಇನ್ನೊಮ್ಮೆ ಬೆರಳೊತ್ತುವಷ್ಟರಲ್ಲಿ ಮೂಲೆಯ ಮಂಚದವಳಿಗೆ ಕೂಸಿನ ತಲೆ ಕಂಡಿತು. ನರ್ಸಬಾಯಿ ಅತ್ತ ಓಡಿದಳು. ಮುಂದೆ ಪಾಳಿ ಬದಲಾಗಿ ಇನ್ನೊಬ್ಬ ನರ್ಸ ಬಂದಳು. ಹೋಗುವವಳು ಬರುವವಳಿಗೆ ಒಂದೊಂದೇ ಮಂಚ ತೋರಿಸಿ ಹೇಳುತ್ತಿದ್ದಳು. ಕಸ್ತೂರಿಯ ಹತ್ತಿರ ಬಂದಾಗ, "ಚೊಚ್ಚಲ, ತಲಿ ಇನ್ನೂ ಮ್ಯಾಲ ಐತಿ, ಒಂದಕ್ಕ ಹೋಗ್ಯಾಳಂತ," ಅಂದಳು. ನನ್ನ ಸುಳ್ಳು ನನ್ನ ಕಣ್ಣೆದುರೇ ಕೈಯಿಂದ ಕೈಗೆ ದಾಟಿತು. ಆಗಲೂ "ಇಲ್ರಿ, ಹೋಗಿಲ್ಲ" ಅನ್ನಲು ಬಾಯಿ ಇತ್ತು. ಅಂದಿದ್ದರೆ ಬೈದು ಪಾಟ್ ಎತ್ತಿಸುತ್ತಿದ್ದರು. ಮಂಚದ ಕೆಳಗಿನ ಹತ್ತಿಯ ಉಂಡೆ ನೆನಪಾಯಿತು. ಘಟ ಹಿಡಿದವಳು ನಾನು, ಇನ್ನೂ ಕೂಸು ಬಿದ್ದಿಲ್ಲ, ಮುಟ್ಟಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

ದೇವಿಯ ಹೆಸರು ಹೇಳಿ ಹೇಸಿಗೆಯನ್ನು ಮುಚ್ಚಿದೆ. ಘಟ ಇರದಿದ್ದರೂ ನಾನು ಆ ಪಾಟ್ ಎತ್ತುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ಮರುದಿನ ಡಾಕ್ಟರ್ ಬಂದರು. ನೋಡಿದವರೇ ನಳಿಕೆ ಹಾಕಿಸಿದರು. ಪಾತ್ರೆ ತುಂಬಿತು, ಇನ್ನೊಂದು ತಂದರು. "ಇಷ್ಟು ತುಂಬಿದ್ದನ್ನ ಯಾರೂ ನೋಡಿಲ್ಲೇನು?" ಎಂದು ಅವರು ನರ್ಸಿನ ಮೇಲೆ ಹರಿಹಾಯ್ದರು. ನರ್ಸ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಇಕ್ಕಳ ಹಾಕಿ ಕೂಸನ್ನು ತೆಗೆದರು. ಗಂಡು. ಉಸಿರಿರಲಿಲ್ಲ.

ಅವ್ವ ಹೊರಗೆ ಕೂತು ಎದೆ ಬಡಿದುಕೊಂಡಳು. ನಾನು ಸ್ನಾನ ಮಾಡಿದೆ. ಮೊದಲು ಮಾಡಿದ ಕೆಲಸವೇ ಅದು.

ಮನೆಗೆ ಬಂದು ವಾರ ಕಳೆದ ಮೇಲೆ ಕಸ್ತೂರಿಯ ಹಾಸಿಗೆ ಒದ್ದೆಯಾಯಿತು. ಬಾಣಂತಿಗೆ ಹೀಗಾಗುತ್ತದೆ ಎಂದು ಅವ್ವ ಸುಮ್ಮನಾದಳು. ಅದು ನಿಲ್ಲಲೇ ಇಲ್ಲ. ಕೂತರೂ, ನಿಂತರೂ, ನಿದ್ದೆಯಲ್ಲೂ ಹನಿಯುತ್ತಲೇ ಇತ್ತು. ತೊಡೆ ಸುಟ್ಟಂತೆ ಕೆಂಪಾಗಿ ಚರ್ಮ ಕಿತ್ತು ಬಂತು. ಹಳೆಯ ಧೋತರ ಹರಿದು ಹರಿದು ಕಟ್ಟಿಕೊಂಡಳು. ನೀರು ಕುಡಿಯುವುದನ್ನೇ ಬಿಟ್ಟಳು. ಕುಡಿಯದಷ್ಟೂ ವಾಸನೆ ಹೆಚ್ಚಾಯಿತು.

ಗಂಡನ ಮನೆಗೆ ಕಳಿಸಿದೆವು. ಅವಳ ಅತ್ತೆ ಅವಳಿಗೆ ದನದ ಕೊಟ್ಟಿಗೆಯಲ್ಲಿ ಹಾಸಿದಳು. "ಹಡಿಯೂ ಮುಂದ ಕಾಲು ಗಟ್ಟಿ ಹಿಡಕೊಂಡಾಳ, ಕೂಸಿನ್ನ ತಾನ ಕೊಂದಾಳ," ಎಂದು ಓಣಿಯಲ್ಲಿ ಹೇಳಿದಳು. ಎರಡು ತಿಂಗಳಿಗೆ ಗಂಡ ಕುಡಚಿ ಸ್ಟೇಷನ್ನಿಗೆ ಕರೆತಂದು ರೈಲು ಹತ್ತಿಸಿದ. ಡಬ್ಬಿಯ ಸಂಡಾಸದ ಬಾಗಿಲ ಹತ್ತಿರ ಕೂಡಿಸಿ, "ಇಲ್ಲೇ ಕುಂದ್ರು, ಇಲ್ಲಿ ಯಾರಿಗೂ ಗೊತ್ತಾಗೂದಿಲ್ಲ," ಎಂದು ಹೇಳಿ ಇಳಿದು ಹೋದನಂತೆ. ಮತ್ತೆ ಬರಲಿಲ್ಲ. ಆ ಗಂಡಸಿನ ಮೇಲೆ ಉಗುಳಬೇಕು ಅನ್ನಿಸುತ್ತದೆ. ಆದರೆ ಉಗುಳುವ ಮೊದಲು ನನ್ನದನ್ನು ಹೇಳಬೇಕು.

ಒಮ್ಮೆ ಅವಳು ನನ್ನ ಮನೆಗೆ, ಕಾಗವಾಡಕ್ಕೆ ಬಂದಳು. ಪಡಸಾಲೆಯಲ್ಲಿ ಗೋಣಿಚೀಲ ಹಾಸಿದೆ. ಊದಿನಕಡ್ಡಿ ಹಚ್ಚಿದೆ. ಒಂದು ಕಟ್ಟು ಪೂರ್ತಿ ಸುಟ್ಟೆ. ಚಿಕ್ಕಮ್ಮನ ಮೇಲೆ ಜೀವ ಇಟ್ಟುಕೊಂಡ ಸುನಂದಾ ಅವಳ ಪಕ್ಕ ಹೋಗಿ ಮಲಗಿದಳು. ನಾನು ಹೋಗಿ ಮಗುವನ್ನು ಎತ್ತಿಕೊಂಡು ಬಂದೆ. ಕಸ್ತೂರಿಗೆ ನಿದ್ದೆ ಬಂದಿರಲಿಲ್ಲ. ಬೆಳಗ್ಗೆ ಎದ್ದು ಗೋಣಿಚೀಲ ತಾನೇ ತೊಳೆದು, ಬೇಲಿಯ ಮೇಲೆ ಹರವಿ, ಚಹಾ ಸಹ ಕುಡಿಯದೆ ಬಸ್ ಸ್ಟ್ಯಾಂಡಿಗೆ ನಡೆದಳು. "ಬಿಸಲಾಗತೈತಿ, ಲಗೂ ಹೊಕ್ಕೀನಿ ಅಕ್ಕಾ," ಅಂದಳು. ನಾನು ತಡೆಯಲಿಲ್ಲ. ಅವಳು ಹೋದ ಮೇಲೆ ನೆಲಕ್ಕೆ ಸಗಣಿ ಸಾರಿಸಿದೆ.

ಆಮೇಲೆ ಅವಳು ನಿಪ್ಪಾಣಿಯ ತಂಬಾಕಿನ ವಖಾರಿಗೆ ಕೆಲಸಕ್ಕೆ ಹೋಗತೊಡಗಿದಳು. ವಖಾರು ಅಂದರೆ ತಂಬಾಕು ಕೂಡಿಡುವ, ಚೂರು ಮಾಡುವ ದೊಡ್ಡ ಗೋದಾಮು. ಒಳಗೆ ಕಾಲಿಟ್ಟರೆ ಸೀನು, ಕಣ್ಣಲ್ಲಿ ನೀರು. ತಂಬಾಕಿನ ಘಾಟಿನಲ್ಲಿ ಯಾರ ಮೂಗಿಗೂ ಬೇರೆ ಏನೂ ತಿಳಿಯುತ್ತಿರಲಿಲ್ಲ. ಮಂದಿ ಮೂಗು ಮುಚ್ಚಿಕೊಂಡು ಓಡುವ ಜಾಗದಲ್ಲಿ ನನ್ನ ತಂಗಿ ಐದು ವರ್ಷ ಉಸಿರಾಡಿದಳು. ಅಲ್ಲಿ ಮಾತ್ರ ಜನ ಅವಳ ಪಕ್ಕದಲ್ಲಿ ಕೂಡುತ್ತಿದ್ದರು.

ಹಾಗೆ ಕೂತವಳೊಬ್ಬಳು ಹೌಸಾಬಾಯಿ, ಗಡಿಯಾಚೆಯ ಮರಾಠಿ ಮುದುಕಿ. ಕಸ್ತೂರಿ ಮೇಲಿಂದ ಮೇಲೆ ಎದ್ದು ಹೋಗಿ ಬಟ್ಟೆ ಬದಲಿಸುವುದನ್ನು ನೋಡಿ ಒಂದು ದಿನ ಕಿವಿಯಲ್ಲಿ ಕೇಳಿದಳಂತೆ: "ಅಗ ಪೋರಿ, ಹಡದ ಮ್ಯಾಲ ಹಿಂಗಾಗೇತಲ್ಲ? ನನ್ನ ನೆಗೆಣ್ಣಿಗೂ ಹಂಗ ಆಗಿತ್ತ. ಮಿರಜದಾಗ ಹೊಲದ್ರು. ತೂತ ಬಿದ್ದ ಚೀಲ ಹೊಲಿಯೂದಿಲ್ಲೇನ, ಹಂಗ."

ಐದು ವರ್ಷ ನಾವು ಯಾರೂ ಅದಕ್ಕೆ ಔಷಧ ಇದ್ದೀತು ಎಂದು ಕೇಳಿರಲಿಲ್ಲ. ಕೇಳಬೇಕಾದರೆ ಬಾಯಿಬಿಟ್ಟು ಹೇಳಬೇಕಿತ್ತಲ್ಲ.

ಮಿರಜಿಗೆ ನಾನೇ ಕರೆದುಕೊಂಡು ಹೋದೆ. ಆಸ್ಪತ್ರೆಯ ಹೊರಗಿನ ಸಾಲು ಬೆಂಚಿನಲ್ಲಿ ಕಾಯುವಾಗ ಕಸ್ತೂರಿ ಕೂಡಲಿಲ್ಲ, ಗೋಡೆಗೆ ಒರಗಿ ನಿಂತಳು. ಅದೇ ಗೋಡೆಗೆ ಇನ್ನೂ ಇಬ್ಬರು ಹೆಂಗಸರು ಒರಗಿ ನಿಂತಿದ್ದರು. ಅವರ ಬಗಲಲ್ಲೂ ಮಡಚಿದ ಗೋಣಿಚೀಲ. ಮೂವರೂ ಒಬ್ಬರನ್ನೊಬ್ಬರು ನೋಡಿದರು. ವಯಸ್ಸಾದವಳು, "ನಿಂದೂ ಸೋರತೈತೇನ?" ಅಂದಳು. "ಹೂಂ ಬೇ," ಅಂದಳು ಕಸ್ತೂರಿ. "ಹಂಗಾರ ಬಾ, ನಾವು ಮೂವರೂ ಕೂಡಿ ಒಂದು ಕೆರಿ ತುಂಬಸೂಣು," ಅಂದಳು ಅವಳು. ನನ್ನ ತಂಗಿ ನಕ್ಕದ್ದನ್ನು ನಾನು ಐದು ವರ್ಷದ ಮೇಲೆ ಕೇಳಿದೆ. ಅವರು ಮೂವರೂ ಗೋಣಿ ಹಾಸಿ ಕೆಳಗೆ ಕೂತರು. ನಾನು ಬೆಂಚಿನ ಮೇಲೆ ಒಬ್ಬಳೇ ಉಳಿದೆ.

ಒಳಗೆ ಡಾಕ್ಟರಬಾಯಿ ಎಲ್ಲ ಕೇಳಿದರು. ಎಷ್ಟು ಹೊತ್ತು ಬ್ಯಾನಿ ತಿಂದೆ, ಕೂಸು ಹೇಗೆ ತೆಗೆದರು, ನಡುವೆ ಮೂತ್ರ ಮಾಡಿಸಿದ್ದರೇ.

"ನನಗ ಎಚ್ಚರ ಇರಲಿಲ್ರಿ. ಅಕ್ಕಾನ್ನ ಕೇಳ್ರಿ, ಆಕೀನ ಇದ್ಳು," ಅಂದಳು ಕಸ್ತೂರಿ.

ಡಾಕ್ಟರಬಾಯಿ ನನ್ನ ಕಡೆ ತಿರುಗಿದರು. ಹಾಡೇ ಹಗಲು, ಸ್ವಚ್ಛ ಕೋಣೆ, ಘಟ ಇಲ್ಲ, ಹೊಲಸು ಪಾಟ್ ಇಲ್ಲ. "ಹೋಗಿದ್ಳ್ರಿ," ಎಂದೆ.

ಆಪರೇಷನ್ ಆಯಿತು. ಮೂತ್ರಕ್ಕೆ ನಳಿಕೆ ಹಾಕಿ, ತುದಿಯಲ್ಲಿ ಬಾಟಲಿ ಕಟ್ಟಿದರು. ಹೊಲಿಗೆ ಮಾಯುವ ತನಕ ಒಳಗೆ ಮೂತ್ರ ತುಂಬಿ ನಿಲ್ಲಬಾರದು, ಹನಿ ಬೀಳುತ್ತಲೇ ಇರಬೇಕು. ಅಲ್ಲಿನ ನರ್ಸ ನನಗೆ ಒಂದು ಸ್ಟೂಲ್ ಕೊಟ್ಟಳು. "ಹನಿ ನಿಂತ್ರ ನನಗ ಕೂಗ್ರಿ. ನೀವು ಕಣ್ಣು ಮುಚ್ಚಿದ್ರ ಈಕಿ ಹೊಲಿಗಿ ಹೋಗತೈತಿ. ನಿಮ್ಮ ಕೈಯಾಗ ಐತಿ ನೋಡ್ರಿ," ಅಂದಳು. ನಾನು ಕೂತು ಹನಿ ನೋಡಿದೆ. ಬಾಟಲಿ ತುಂಬಿದರೆ ಚೆಲ್ಲಿದೆ, ತೊಳೆದೆ, ಮತ್ತೆ ಕಟ್ಟಿದೆ. ಎರಡೂ ಕೈಯಿಂದ ಮುಟ್ಟಿದೆ. ಅದು ಬರೀ ನೀರು. ಬೆಚ್ಚಗಿನ ಹಳದಿ ನೀರು. ಇಷ್ಟಕ್ಕೇ ನಾನು ಅವತ್ತು ಕಾಲು ಹಿಂದಕ್ಕೆ ಎಳೆದುಕೊಂಡಿದ್ದೆ.

ಒಂದು ಮಧ್ಯಾಹ್ನ ನಳಿಕೆ ಕಟ್ಟಿಕೊಂಡು ಹನಿ ನಿಂತಿತು. ನಾನು ವಾರ್ಡೆಲ್ಲ ಒದರಿದೆ. ನರ್ಸ ಓಡಿ ಬಂದು ಸರಿಮಾಡಿದಳು. ಕಸ್ತೂರಿ ನನ್ನ ಕೈ ಹಿಡಿದು, "ನೀ ಇದ್ದೀ ಅಂತ ಉಳದೆ ಅಕ್ಕಾ. ಹಡಿಯೂಮುಂದೂ ನೀನ ಇದ್ದಿ. ನಾನ ಸರಿ ಮುಕ್ಕರಿಸಲಿಲ್ಲ. ನಮ್ಮತ್ತಿ ಅಂದದ್ದು ಖರೇನ ಇದ್ದೀತು," ಅಂದಳು.

ಆಗ ನನಗೆ ಗೊತ್ತಾಯಿತು. ಐದು ವರ್ಷ ಅವಳು ತನ್ನ ಮೈಯನ್ನೇ ಬೈದುಕೊಳ್ಳುತ್ತ ಬಂದಿದ್ದಳು. ಕೊಟ್ಟಿಗೆಯಲ್ಲಿ, ವಖಾರಿನಲ್ಲಿ, ನನ್ನ ಪಡಸಾಲೆಯ ಗೋಣಿಯ ಮೇಲೆ.

ಹೇಳಿಬಿಟ್ಟೆ. ಪಾಟ್, ಹತ್ತಿಯ ಉಂಡೆ, ಘಟ, ನರ್ಸಬಾಯಿ ಬೆರಳೊತ್ತಿ ಕೇಳಿದ್ದು, ನಾನು "ಹೋಗ್ಯಾಳ್ರಿ" ಅಂದದ್ದು. ಡಾಕ್ಟರಬಾಯಿಗೆ ಮತ್ತೆ ಅದನ್ನೇ ಅಂದದ್ದು.

ಅವಳು ಕೇಳಿದಳು: "ನಾನ ಬಂದೈತಿ ಅಂತ ಹೇಳಿದ್ನೇನ?"

"ಹೇಳಿದ್ದಿ."

"ನೀ ಏನಂದಿ?"

"ಕೂಸಿನ ಒತ್ತು ಅಂದ್ನಿ."

ಕೈ ಬಿಟ್ಟಳು. "ಸ್ಟೂಲ್ ಮ್ಯಾಲಿಂದ ಏಳು. ನರ್ಸಬಾಯೀನ್ನ ಕರಿ."

ಡಾಕ್ಟರಬಾಯಿಗೂ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ತಲೆ ಬಹಳ ಹೊತ್ತು ಸಿಕ್ಕಿಬಿದ್ದದ್ದೇ ದೊಡ್ಡ ಕಾರಣ, ಮೂತ್ರಚೀಲ ತುಂಬಿದ್ದು ಅದಕ್ಕೆ ಕೂಡಿತು, ಯಾವುದು ಎಷ್ಟು ಎಂದು ಯಾರೂ ಹೇಳಲಾರರು ಎಂದರು. ನನ್ನ ಪಾಲು ಎಷ್ಟು ಎಂಬುದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಡಿಮೆ ಇದ್ದೀತು ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಳ್ಳುವ ಮನಸ್ಸಿನ ಮೇಲೂ ಹೇಸಿಗೆಯಾಗುತ್ತದೆ.

ಅವತ್ತಿನಿಂದ ಪಕ್ಕದ ಮಂಚದ, ಕೆರೆ ತುಂಬಿಸುವ ಮಾತಾಡಿದ್ದ ಮುದುಕಿಯ ಸೊಸೆ ಬಾಟಲಿ ಚೆಲ್ಲಿದಳು. ನನ್ನ ಕೈಯಿಂದ ಕಸ್ತೂರಿ ನೀರನ್ನೂ ಮುಟ್ಟಲಿಲ್ಲ. ನಾನು ಹೊರಗಿನ ಬೆಂಚಿನಲ್ಲಿ ಕೂತೆ. ನಳಿಕೆ ತೆಗೆದ ಮರುದಿನ ಅವಳ ಹಾಸಿಗೆ ಒಣಗಿತ್ತು ಎಂಬುದನ್ನು ನರ್ಸ ಬಂದು ಹೇಳಿದಳು. ಒಳಗೆ ಹೋಗಿ ಹಾಸು ಮುಟ್ಟಿ ನೋಡಿದೆ. ಹೌದು, ಒಣಗಿತ್ತು. ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಕಸ್ತೂರಿ ಅಳಲಿಲ್ಲ. ಒಂದು ತಂಬಿಗೆ ನೀರನ್ನು ಗಟಗಟ ಕುಡಿದಳು.

ಇವತ್ತಿಗೂ ಕೆಮ್ಮಿದರೆ, ಭಾರ ಎತ್ತಿದರೆ ಸ್ವಲ್ಪ ಹನಿಯುತ್ತದೆ. ಬಟ್ಟೆ ಇಟ್ಟುಕೊಳ್ಳುತ್ತಾಳೆ. ಗಂಡ ಇನ್ನೊಂದು ಮದುವೆಯಾದ. ಅವಳು ಅವ್ವನ ಮನೆಯಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಾಳೆ, ಎಲ್ಲರ ಮದುವೆಗೂ ಹೋಗಿ ಪಂಕ್ತಿಯ ನಡುವೆ ಕೂತು ಉಣ್ಣುತ್ತಾಳೆ. ನಾಲ್ಕು ವರ್ಷ ನನ್ನೊಡನೆ ಮಾತಾಡಲಿಲ್ಲ. ಸುನಂದಾ ದೊಡ್ಡವಳಾದಾಗ ಸೀರೆ ತಂದಳು, ಆಗಿನಿಂದ ಮಾತು ಬಂತು. ಆ ವಿಷಯ ಮಾತ್ರ ಬರಲಿಲ್ಲ.

ಹೋದ ವರ್ಷ ಸುನಂದಾ ಚಿಕ್ಕೋಡಿಯಲ್ಲಿ ಹಡೆದಳು. ಹೆರಿಗೆ ಕೋಣೆಗೆ ಇಬ್ಬರನ್ನು, ನನ್ನನ್ನೂ ಕಸ್ತೂರಿಯನ್ನೂ, ಬಿಟ್ಟರು. ನಾನು ಬರಿಗೈಯಲ್ಲಿ ಪಾಟ್ ತೊಳೆದು ತಂದೆ, ಹಿಡಿದೆ, ಹುಡುಗಿ ಒಂದಕ್ಕೆ ಹೋದಳು. ಅಷ್ಟರಲ್ಲಿ ನರ್ಸ ಬಂದು ಹೊಟ್ಟೆ ಮುಟ್ಟಿ, "ಒಂದಕ್ಕ ಹೋಗ್ಯಾಳೇನ್ರಿ?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆದೆ.

"ಆಕೀನ್ನ ಕೇಳಬ್ಯಾಡ್ರಿ," ಅಂದಳು ಕಸ್ತೂರಿ. "ನನ್ನ ಕೇಳ್ರಿ."

ನನ್ನ ಹತ್ತಿರ ಬಂದು ಪಾಟಿನೊಳಗೆ ಬಗ್ಗಿ ನೋಡಿದಳು. ಹೋಗಿ ಸುನಂದಾಳ ಹೊಕ್ಕಳ ಕೆಳಗೆ ಎರಡು ಬೆರಳಿಟ್ಟು ಮೆತ್ತಗೆ ಒತ್ತಿದಳು. ಆಮೇಲೆ ನರ್ಸಿನ ಕಡೆ ತಿರುಗಿ, "ಹೋಗ್ಯಾಳ್ರಿ. ನಾ ನೋಡೀನಿ," ಅಂದಳು.

ಪಾಟ್ ನನ್ನ ಕೈಯಲ್ಲೇ ಇತ್ತು, ಇನ್ನೂ ಬೆಚ್ಚಗೆ.